ಶ್ವಾಸಾಂಗದ ವೈರಸ್ ಸೋಂಕುಗಳ ಪ್ರತಿಕಾಯ ರಕ್ತಪರೀಕ್ಷೆ

ಉಸಿರಾಟದ ಅಂಗಗಳಿಗೆ ವೈರಸ್ ತಗಲಿದಾಗ ದೇಹ ಅದರ ವಿರುದ್ಧ ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತದೆ. ರಕ್ತದಲ್ಲಿ ಈ ಪ್ರತಿಕಾಯಗಳು ಇವೆಯೇ, ಇದ್ದರೆ ಯಾವ ಬಗೆಯವು, ಎಷ್ಟಿವೆ ಎಂಬುದನ್ನು ಕಂಡುಹಿಡಿಯುವ ವಿಧಾನಗಳೇ ಪ್ರತಿಕಾಯ ರಕ್ತಪರೀಕ್ಷೆಗಳು. ರಕ್ತ ಹೆಪ್ಪುಗಟ್ಟಿದಾಗ ಬೇರ್ಪಡುವ ತಿಳಿಹಳದಿ ದ್ರವ ಸೀರಂ. ಪರೀಕ್ಷೆ ನಡೆಯುವುದು ಅದರ ಮೇಲಾದ್ದರಿಂದ ಇದಕ್ಕೆ ಸೀರಂ ಪರೀಕ್ಷೆ ಎಂಬ ಹೆಸರೂ ಇದೆ; ಒಂದು ಊರಿನ ಅಥವಾ ನಾಡಿನ ಜನರಲ್ಲಿ ಮಾದರಿ ಆರಿಸಿ ನಡೆಸಿದರೆ ಅದು ಸೆರೊ ಸಮೀಕ್ಷೆ. ಇನ್‌ಫ್ಲುಯೆಂಜಾ, ಮಕ್ಕಳನ್ನು ಹೆಚ್ಚಾಗಿ ಕಾಡುವ ಆರ್‌ಎಸ್‌ವಿ, ಅಡಿನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಕೊರೊನಾವೈರಸ್‌ಗಳು, ಶ್ವಾಸಕೋಶಕ್ಕೆ ನೀರು ತುಂಬಿಸುವ ಹಂಟಾವೈರಸ್ ಇವೆಲ್ಲದರ ಅಧ್ಯಯನದಲ್ಲಿ ಈ ಪರೀಕ್ಷೆ ಬಳಕೆಯಲ್ಲಿದೆ.

ಗಂಟಲು ಮೂಗಿನ ದ್ರವ ತೆಗೆದು ಮಾಡುವ ಆರ್‌ಟಿ-ಪಿಸಿಆರ್ ಮತ್ತು ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಗಳು ವೈರಸ್ಸನ್ನೇ ಹುಡುಕುತ್ತವೆ. ಪ್ರತಿಕಾಯ ಪರೀಕ್ಷೆ ಹುಡುಕುವುದು ವೈರಸ್ಸಿಗೆ ದೇಹ ಕೊಟ್ಟ ಉತ್ತರವನ್ನು. ಆ ಉತ್ತರ ಸಿದ್ಧವಾಗಲು ದಿನಗಳು ಬೇಕು, ಒಮ್ಮೆ ಸಿದ್ಧವಾದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಉಳಿಯುತ್ತದೆ. ಆದ್ದರಿಂದ ಈ ಪರೀಕ್ಷೆ ‘ಸೋಂಕು ತಗಲಿತ್ತೇ’ ಎಂಬ ಪ್ರಶ್ನೆಗೆ ಚೆನ್ನಾಗಿ ಉತ್ತರಿಸುತ್ತದೆ, ‘ಈಗ ಸೋಂಕಿದೆಯೇ’ ಎಂಬುದಕ್ಕೆ ತಡವರಿಸುತ್ತದೆ. ಇದರ ಬಗೆಗಿನ ಬಹುಪಾಲು ಗೊಂದಲ ಹುಟ್ಟಿದ್ದು ಮೊದಲ ಪ್ರಶ್ನೆಯ ಸಾಧನವನ್ನು ಎರಡನೆಯ ಪ್ರಶ್ನೆಗೆ ಬಳಸಿದ್ದರಿಂದ.

ಪ್ರತಿಕಾಯಗಳ ಏರಿಳಿತ

ಬಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳು ಪ್ರತಿಕಾಯಗಳ ಮೂಲ. ವೈರಸ್ಸಿನ ಮೈಮೇಲಿನ ಯಾವುದೋ ಒಂದು ತುಣುಕಿಗೆ ಹೊಂದುವ ಬಿ ಜೀವಕೋಶ ಅದನ್ನು ಸಂಧಿಸಿದಾಗ ಬಹುಸಂಖ್ಯೆಯಲ್ಲಿ ಒಡೆದು ಬೆಳೆಯುತ್ತದೆ. ಅದರ ಸಂತತಿಯ ಕೆಲವು ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳಾಗುತ್ತವೆ, ಉಳಿದವು ನೆನಪಿನ ಕೋಶಗಳಾಗಿ ಕಾದಿರುತ್ತವೆ. ಮೊದಲು ಕಾಣಿಸಿಕೊಳ್ಳುವುದು ಐಜಿಎಂ ಎಂಬ ಬಗೆಯ ಪ್ರತಿಕಾಯ. ಐದು ಘಟಕಗಳು ಕೂಡಿದ ಈ ದೊಡ್ಡ ಅಣು ಸಾಮಾನ್ಯವಾಗಿ ಸೋಂಕಿನ ಮೊದಲ ಒಂದೆರಡು ವಾರಗಳಲ್ಲಿ ಏರಿ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಅದರ ಹಿಂದೆಯೇ ಬರುವ ಐಜಿಜಿ ಗುರಿಗೆ ಬಿಗಿಯಾಗಿ ಅಂಟುತ್ತದೆ, ಬಹುಕಾಲ ನಿಲ್ಲುತ್ತದೆ. ಮೂಗು ಗಂಟಲುಗಳ ಒಳಪೊರೆಯನ್ನು ಕಾಯುವುದು ಮುಖ್ಯವಾಗಿ ಐಜಿಎ. ವೈರಸ್ ಒಳನುಗ್ಗುವ ಬಾಗಿಲಲ್ಲೇ ಇರುವ ಈ ಪ್ರತಿಕಾಯದ ಪೂರ್ಣ ಅಂದಾಜು ತೋಳಿನಿಂದ ತೆಗೆದ ರಕ್ತದಲ್ಲಿ ಸಿಗುವುದಿಲ್ಲ. ರಕ್ತಪರೀಕ್ಷೆಯ ಮೂಲಭೂತ ಮಿತಿಗಳಲ್ಲಿ ಇದೂ ಒಂದು.

ಮೊದಲು ಐಜಿಎಂ, ಆಮೇಲೆ ಐಜಿಜಿ ಎಂಬ ಈ ಕ್ರಮ ಪಠ್ಯಪುಸ್ತಕದಲ್ಲಿರುವಷ್ಟು ಅಚ್ಚುಕಟ್ಟಾಗಿ ಎಲ್ಲರ ದೇಹದಲ್ಲೂ ನಡೆಯದು. ಕೋವಿಡ್‌ನಲ್ಲಿ ಅನೇಕ ರೋಗಿಗಳಿಗೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಕಾಣಿಸಿಕೊಂಡವು. ಇನ್‌ಫ್ಲುಯೆಂಜಾದಂತೆ ಮತ್ತೆ ಮತ್ತೆ ಬರುವ ಸೋಂಕಿನಲ್ಲಿ ನೆನಪಿನ ಕೋಶಗಳು ನೇರವಾಗಿ ಐಜಿಜಿಯನ್ನೇ ಸುರಿಸುವುದರಿಂದ ಐಜಿಎಂ ಕಾಣದೆಯೂ ಇರಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಅದರಲ್ಲೂ ಬಿ ಜೀವಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್‌ನಂಥದು ಪಡೆಯುತ್ತಿರುವವರಲ್ಲಿ ಸೋಂಕು ತೀವ್ರವಾಗಿದ್ದರೂ ಪ್ರತಿಕಾಯ ಹುಟ್ಟದಿರಬಹುದು. ಹಸುಗೂಸುಗಳದ್ದು ಇನ್ನೊಂದು ಬಗೆ. ತಾಯಿಯ ಐಜಿಜಿ ಮಾಸುಚೀಲದ ಮೂಲಕ ಮಗುವಿಗೆ ದಾಟಿ ಹಲವು ತಿಂಗಳು ಉಳಿಯುತ್ತದೆ. ಆರ್‌ಎಸ್‌ವಿ ಅತಿ ಹೆಚ್ಚು ಅಪಾಯ ತರುವುದು ಮೊದಲ ಆರು ತಿಂಗಳಲ್ಲೇ. ಆ ವಯಸ್ಸಿನಲ್ಲಿ ಐಜಿಜಿ ಸಿಕ್ಕರೆ ಅದು ಮಗುವಿನದೋ ತಾಯಿಯದೋ ಹೇಳುವುದು ಕಷ್ಟ. ಐಜಿಎಂ ಹಾಗೆ ದಾಟುವುದಿಲ್ಲ.

ವಿಧಾನಗಳು ಬೆಳೆದ ಬಗೆ

ಸೀರಂನಲ್ಲಿ ರೋಗವನ್ನು ತಡೆಯುವ ವಸ್ತುವಿದೆ ಎಂಬುದನ್ನು 1890ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಶಿಬಸಬುರೊ ತೋರಿಸಿದರು. 1901ರಲ್ಲಿ ಜೂಲ್ಸ್ ಬೋರ್ಡೆ ಮತ್ತು ಆಕ್ಟಾವ್ ಝಾಂಗು ರೂಪಿಸಿದ ಕಾಂಪ್ಲಿಮೆಂಟ್ ಬಂಧನ ಪರೀಕ್ಷೆ ಮುಂದೆ ಹಲವು ದಶಕ ಆಸ್ಪತ್ರೆಗಳ ವೈರಸ್ ಪ್ರಯೋಗಾಲಯಗಳ ಮುಖ್ಯ ಆಸರೆಯಾಗಿತ್ತು. ಇನ್‌ಫ್ಲುಯೆಂಜಾ, ಅಡಿನೋವೈರಸ್, ಆರ್‌ಎಸ್‌ವಿ ಮೂರನ್ನೂ ಅದರಿಂದಲೇ ಗುರುತಿಸುತ್ತಿದ್ದರು. ಅದಕ್ಕೆ ಶ್ರಮ ಹೆಚ್ಚು, ಸೂಕ್ಷ್ಮತೆ ಕಡಿಮೆ, ಚಿಕ್ಕ ಮಕ್ಕಳಲ್ಲಂತೂ ಅದು ಬಹಳ ಸಲ ಕೈಕೊಡುತ್ತಿತ್ತು. ಈಗ ಅದು ಹೆಚ್ಚುಕಡಿಮೆ ಮೂಲೆಗೆ ಸರಿದಿದೆ.

ಶ್ವಾಸಾಂಗದ ವೈರಸ್ಸುಗಳ ಮಟ್ಟಿಗೆ ನಿಜವಾದ ತಿರುವು ಇನ್‌ಫ್ಲುಯೆಂಜಾದಿಂದ ಬಂತು. 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯಲ್ಲಿ ಬೆಳೆಸಿ ಬೇರ್ಪಡಿಸಿದರು. ಎಂಟು ವರ್ಷಗಳ ಬಳಿಕ, 1941ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾರ್ಜ್ ಹರ್ಸ್ಟ್ ಈ ವೈರಸ್ ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ ಎಂಬುದನ್ನು ಗಮನಿಸಿದರು. ವೈರಸ್ಸಿನ ಹೊರಮೈಯ ಹೀಮಾಗ್ಲುಟಿನಿನ್ ಎಂಬ ಪ್ರೋಟೀನು ಈ ಅಂಟಿಗೆ ಕಾರಣ. ಅದೇ ಪ್ರೋಟೀನಿನಿಂದ ವೈರಸ್ ನಮ್ಮ ಶ್ವಾಸನಾಳದ ಕೋಶಗಳಿಗೂ ಅಂಟುತ್ತದೆ. ಹಾಗಾಗಿ ರಕ್ತಕಣಗಳ ಅಂಟುವಿಕೆಯನ್ನು ತಡೆಯುವ ಪ್ರತಿಕಾಯ ಸೋಂಕನ್ನೂ ತಡೆಯುವ ಸಂಭವ ಹೆಚ್ಚು. ಹೀಮಾಗ್ಲುಟಿನೇಷನ್ ತಡೆ ಪರೀಕ್ಷೆ ನಿಂತಿರುವುದು ಈ ತರ್ಕದ ಮೇಲೆ.

ಪರೀಕ್ಷೆ ಕಣ್ಣಿಗೆ ಕಾಣುವಷ್ಟು ಸರಳ. ಸಾಲುಸಾಲು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಸೀರಂ ಅನ್ನು ಹತ್ತು ಪಾಲು, ಇಪ್ಪತ್ತು ಪಾಲು, ನಲವತ್ತು ಪಾಲು ಹೀಗೆ ಪ್ರತಿ ಗುಳಿಗೂ ಇಮ್ಮಡಿ ತೆಳುಗೊಳಿಸುತ್ತ ಹೋಗುತ್ತಾರೆ. ಪ್ರತಿ ಗುಳಿಗೆ ಗೊತ್ತಾದ ಪ್ರಮಾಣದ ವೈರಸ್, ಆಮೇಲೆ ಕೋಳಿ, ಟರ್ಕಿ ಅಥವಾ ಗಿನಿಯಿಲಿಯ ರಕ್ತಕಣ ಬೀಳುತ್ತದೆ. ಪ್ರತಿಕಾಯ ಸಾಕಷ್ಟಿದ್ದರೆ ವೈರಸ್ಸಿನ ಕೈ ಕಟ್ಟಿಹೋಗಿ ರಕ್ತಕಣಗಳು ಗುಳಿಯ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ಸಾಲದಿದ್ದರೆ ಬಲೆಯಂತೆ ಹರಡಿ ನಿಲ್ಲುತ್ತವೆ. ಗುಂಡಿ ಕಾಣಿಸಿದ ಕೊನೆಯ ತೆಳುವೇ ಆ ಸೀರಂನ ಟೈಟರ್. ಸೀರಂನಲ್ಲಿ ಸಹಜವಾಗಿಯೇ ಇರುವ, ಪ್ರತಿಕಾಯವಲ್ಲದ ತಡೆವಸ್ತುಗಳು ಸುಳ್ಳು ಫಲಿತಾಂಶ ಕೊಡದಿರಲೆಂದು ಕಾಲರಾ ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವವೊಂದರಿಂದ ಅದನ್ನು ಮೊದಲೇ ಸಂಸ್ಕರಿಸುತ್ತಾರೆ. ಯಾವ ಪ್ರಾಣಿಯ ರಕ್ತಕಣ ಎಂಬುದೂ ಮುಖ್ಯ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ ಮನುಷ್ಯರಿಗೆ ತಗಲಿದಾಗ ಹಳೆಯ ವಿಧಾನ ಪ್ರತಿಕಾಯಗಳನ್ನು ಸರಿಯಾಗಿ ಹಿಡಿಯಲಿಲ್ಲ. ತಟಸ್ಥೀಕರಣ ಪರೀಕ್ಷೆಯ, ಮುಂದೆ ಕುದುರೆಯ ರಕ್ತಕಣಗಳ ಮೊರೆಹೋಗಬೇಕಾಯಿತು.

ತಟಸ್ಥೀಕರಣ ಪರೀಕ್ಷೆಯಲ್ಲಿ ಜೀವಂತ ವೈರಸ್ಸನ್ನು ಸೀರಂ ಜೊತೆ ಬೆರೆಸಿ, ಬೆಳೆಸಿಟ್ಟ ಜೀವಕೋಶಗಳ ಮೇಲೆ ಸುರಿದು, ಕೋಶಗಳು ಉಳಿದವೋ ಸತ್ತವೋ ನೋಡುತ್ತಾರೆ. ಪ್ರತಿಕಾಯ ಇದೆ ಎನ್ನುವುದಕ್ಕಿಂತ ಅದು ಕೆಲಸ ಮಾಡುತ್ತದೆ ಎಂಬುದನ್ನು ತೋರಿಸುವುದರಿಂದ ಉಳಿದ ಪರೀಕ್ಷೆಗಳಿಗೆ ಇದೇ ಒರೆಗಲ್ಲು. ಆದರೆ ದಿನಗಟ್ಟಲೆ ಕಾಯಬೇಕು, ಅಪಾಯಕಾರಿ ವೈರಸ್ಸಾದರೆ ಮೂರನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು. ನಿರುಪದ್ರವಿ ವೈರಸ್ಸಿಗೆ ಅಪಾಯಕಾರಿ ವೈರಸ್ಸಿನ ಹೊರಮೈ ಪ್ರೋಟೀನು ತೊಡಿಸಿದ ಹುಸಿವೈರಸ್ ಬಳಸಿ ಈ ತೊಡಕನ್ನು ದಾಟುವುದುಂಟು.

ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳ ಮಟ್ಟಕ್ಕೆ ಇಳಿಸಿದ್ದು ಎಲೈಸಾ. 1971ರಲ್ಲಿ ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್, ಅದೇ ಸುಮಾರಿಗೆ ನೆದರ್ಲೆಂಡ್ಸ್‌ನ ವಾನ್ ವೀಮನ್ ಮತ್ತು ಸ್ಕೂರ್ಸ್ ಇದರ ರೂಪಗಳನ್ನು ಪ್ರಕಟಿಸಿದರು. ತಟ್ಟೆಯ ಗುಳಿಗೆ ವೈರಸ್ಸಿನ ಪ್ರೋಟೀನನ್ನು ಲೇಪಿಸಿ ಸೀರಂ ಹಾಕಿ ತೊಳೆದಾಗ, ಹೊಂದುವ ಪ್ರತಿಕಾಯಗಳು ಮಾತ್ರ ಅಂಟಿಕೊಂಡು ಉಳಿಯುತ್ತವೆ. ಮನುಷ್ಯನ ಪ್ರತಿಕಾಯಕ್ಕೇ ಅಂಟುವ, ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯ ಸೇರಿಸಿ, ಆ ಕಿಣ್ವ ಬಣ್ಣ ಬರಿಸುವ ದ್ರಾವಣ ಹಾಕಿದರೆ ಬಣ್ಣದ ಗಾಢತೆಯಿಂದ ಪ್ರತಿಕಾಯದ ಪ್ರಮಾಣ ತಿಳಿಯುತ್ತದೆ. ಒಂದು ತಟ್ಟೆಯಲ್ಲಿ 96 ಗುಳಿಗಳು. ದೊಡ್ಡ ಲ್ಯಾಬುಗಳಲ್ಲಿ ಈಗ ಬಣ್ಣದ ಬದಲು ಬೆಳಕನ್ನು ಅಳೆಯುವ ಕೆಮಿಲ್ಯೂಮಿನಿಸೆನ್ಸ್ ಯಂತ್ರಗಳು ಇದೇ ಕೆಲಸವನ್ನು ತಾವೇ ಮಾಡಿ ಮುಗಿಸುತ್ತವೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕುವ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡಿಸುವ ರ‍್ಯಾಪಿಡ್ ಪಟ್ಟಿಗಳಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳು ಬಣ್ಣ ಕೊಡುತ್ತವೆ. ವೇಗ ಅವುಗಳ ಬಲ. ಉತ್ಪಾದಕರಿಂದ ಉತ್ಪಾದಕರಿಗೆ, ಕೆಲವೊಮ್ಮೆ ತಂಡದಿಂದ ತಂಡಕ್ಕೆ ಬದಲಾಗುವ ಗುಣಮಟ್ಟ ಅವುಗಳ ದೌರ್ಬಲ್ಯ.

ಮಾದರಿ ಸಂಗ್ರಹದಲ್ಲಿ ವಿಶೇಷವೇನಿಲ್ಲ. ತೋಳಿನ ನಾಳದಿಂದ ಕೆಲವು ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ ಸೀರಂ ಬೇರ್ಪಡಿಸುತ್ತಾರೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಅದು ವರ್ಷಗಟ್ಟಲೆ ಕೆಡದು. ಈ ಗುಣದ ಮಹತ್ವ ಮುಂದೆ ಕಾಣುತ್ತದೆ.

ಜೋಡಿ ಮಾದರಿಯ ನಿಯಮ

ಇನ್‌ಫ್ಲುಯೆಂಜಾ ಅಥವಾ ಆರ್‌ಎಸ್‌ವಿ ವಿರುದ್ಧದ ಐಜಿಜಿ ಹೆಚ್ಚುಕಡಿಮೆ ಎಲ್ಲ ವಯಸ್ಕರಲ್ಲೂ ಇರುತ್ತದೆ. ಆದ್ದರಿಂದ ಒಂದೇ ಮಾದರಿಯಲ್ಲಿ ಪ್ರತಿಕಾಯ ಸಿಕ್ಕಿತೆಂದರೆ ಅದು ಈ ವಾರದ ಜ್ವರದ್ದೋ ಬಾಲ್ಯದ ನೆಗಡಿಯದೋ ತಿಳಿಯದು. ಇದಕ್ಕೆ ಹಳೆಯ, ಇಂದಿಗೂ ಮೀರಲಾಗದ ಪರಿಹಾರವೆಂದರೆ ಜೋಡಿ ಮಾದರಿ. ಕಾಯಿಲೆಯ ಮೊದಲ ವಾರದೊಳಗೆ ಒಮ್ಮೆ, ಎರಡರಿಂದ ನಾಲ್ಕು ವಾರಗಳ ನಂತರ ಇನ್ನೊಮ್ಮೆ ರಕ್ತ ತೆಗೆದು ಎರಡನ್ನೂ ಒಂದೇ ದಿನ, ಒಂದೇ ತಟ್ಟೆಯಲ್ಲಿ ಪರೀಕ್ಷಿಸಬೇಕು. ಟೈಟರ್ ನಾಲ್ಕು ಪಟ್ಟು ಏರಿದ್ದರೆ ಸೋಂಕು ಇತ್ತೀಚಿನದೆಂದು ಸಾಬೀತು. ಇಮ್ಮಡಿ ವ್ಯತ್ಯಾಸ ಕೈತಪ್ಪಿನಿಂದಲೂ ಬರಬಹುದಾದ್ದರಿಂದ ನಾಲ್ಕು ಪಟ್ಟು ಎಂಬ ಗಡಿ. ಮೊದಲ ಮಾದರಿಯಲ್ಲಿ ಏನೂ ಇಲ್ಲದೆ ಎರಡನೆಯದರಲ್ಲಿ ಪ್ರತಿಕಾಯ ಕಂಡರೆ ಅದು ಇನ್ನೂ ಗಟ್ಟಿ ಸಾಕ್ಷ್ಯ. 2003ರಲ್ಲಿ ಸಾರ್ಸ್ ಎಂಬ ಕೊರೊನಾವೈರಸ್ ಕಾಯಿಲೆಯ ಹಾವಳಿಯಲ್ಲಿ ಮೊದಲ ವಾರದ ಪಿಸಿಆರ್ ಅನೇಕರಲ್ಲಿ ತಪ್ಪಿಹೋಗುತ್ತಿತ್ತು. ಕಾಯಿಲೆ ಆರಂಭವಾಗಿ ಮೂರು ನಾಲ್ಕು ವಾರಗಳ ನಂತರದ ಸೀರಂನಿಂದಲೇ ರೋಗ ನಿಜಕ್ಕೂ ಸಾರ್ಸ್ ಆಗಿತ್ತೇ ಎಂದು ತೀರ್ಮಾನಿಸಬೇಕಾಯಿತು. ಎರಡನೆಯ ಮಾದರಿಯ ಉತ್ತರ ಬರುವ ಹೊತ್ತಿಗೆ ರೋಗಿ ಗುಣವಾಗಿರುತ್ತಾನೆ ಇಲ್ಲವೆ ತೀರಿಕೊಂಡಿರುತ್ತಾನೆ. ಚಿಕಿತ್ಸೆಗೆ ಅದರಿಂದ ಪ್ರಯೋಜನ ಕಡಿಮೆ, ಹಾವಳಿಯ ದಾಖಲೆಗೆ ಹೆಚ್ಚು.

ಈ ಮಾತಿಗೆ ದೊಡ್ಡ ಅಪವಾದ ಹಂಟಾವೈರಸ್. 1993ರ ಬೇಸಿಗೆಯಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ, ನಾಲ್ಕು ರಾಜ್ಯಗಳು ಸೇರುವ ಪ್ರದೇಶದಲ್ಲಿ, ಗಟ್ಟಿಮುಟ್ಟಾದ ತರುಣರು ಉಸಿರು ಕಟ್ಟಿ ಸಾಯತೊಡಗಿದರು. ಯಾವ ವೈರಸ್ಸೂ ಬೆಳೆಯಲಿಲ್ಲ. ರೋಗಿಗಳ ಸೀರಂ ಅನ್ನು ಹತ್ತಾರು ವೈರಸ್ಸುಗಳ ಪ್ರೋಟೀನುಗಳ ಮೇಲೆ ಪರೀಕ್ಷಿಸಿದಾಗ ಅದು ಏಷ್ಯಾ ಮತ್ತು ಯೂರೋಪಿನ ಹಂಟಾವೈರಸ್‌ಗಳಿಗೆ ಪ್ರತಿಕ್ರಿಯಿಸಿತು. ಆವರೆಗೆ ಮೂತ್ರಪಿಂಡದ ಕಾಯಿಲೆಗೆ ಹೆಸರಾಗಿದ್ದ ಗುಂಪು ಅದು. ಶ್ವಾಸಕೋಶಕ್ಕೂ ಅದಕ್ಕೂ ನಂಟಿದೆಯೆಂದು ಯಾರೂ ಎಣಿಸಿರಲಿಲ್ಲ. ಆ ಸುಳಿವು ಹಿಡಿದು ಹೋದವರಿಗೆ ಕಾಡಿಲಿಗಳಲ್ಲಿ ವಾಸವಿರುವ ಸಿನ್ ನೊಂಬ್ರೆ ಎಂಬ ಹೊಸ ವೈರಸ್ ಸಿಕ್ಕಿತು. ಈ ರೋಗದಲ್ಲಿ ಲಕ್ಷಣ ತೋರುವ ಹೊತ್ತಿಗೇ ಐಜಿಎಂ ರಕ್ತದಲ್ಲಿ ಬಂದಿರುತ್ತದೆ. ಹಾಗಾಗಿ ರೋಗ ಗುರುತಿಸಲು ಇಂದಿಗೂ ಪ್ರತಿಕಾಯ ಪರೀಕ್ಷೆಯೇ ಮೊದಲ ಸಾಲಿನಲ್ಲಿದೆ.

ಫಲಿತಾಂಶದ ಲೆಕ್ಕಾಚಾರ

ಪರೀಕ್ಷೆಯ ಗುಣವನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಸೋಂಕು ತಗಲಿದ್ದವರಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯುತ್ತದೆ ಎಂಬುದು ಸೂಕ್ಷ್ಮತೆ. ತಗಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎಂಬುದು ನಿರ್ದಿಷ್ಟತೆ. ಇವೆರಡೂ ಚೆನ್ನಾಗಿದ್ದ ಮಾತ್ರಕ್ಕೆ ಪಾಸಿಟಿವ್ ಬಂದವರಿಗೆ ಸೋಂಕು ತಗಲಿತ್ತೆಂದು ಆಗದು. ಸೂಕ್ಷ್ಮತೆ 95 ಪ್ರತಿಶತ, ನಿರ್ದಿಷ್ಟತೆ 98 ಪ್ರತಿಶತ ಇರುವ ಪರೀಕ್ಷೆಯನ್ನು 10,000 ಜನರ ಊರಿನಲ್ಲಿ ನಡೆಸಿದರೆಂದು ಭಾವಿಸಬಹುದು. ಅಲ್ಲಿ ಒಂದು ಪ್ರತಿಶತ ಜನರಿಗೆ ಸೋಂಕು ತಗಲಿದ್ದರೆ 100 ಮಂದಿಯಲ್ಲಿ 95 ಮಂದಿ ಪಾಸಿಟಿವ್. ತಗಲದ 9,900 ಮಂದಿಯಲ್ಲೂ 198 ಮಂದಿ ಪಾಸಿಟಿವ್. ಒಟ್ಟು 293 ಪಾಸಿಟಿವ್‌ಗಳಲ್ಲಿ ನಿಜವಾದವು ಮೂರನೆಯ ಒಂದು ಭಾಗ ಮಾತ್ರ. ಅದೇ ಊರಿನ 30 ಪ್ರತಿಶತ ಜನರಿಗೆ ಸೋಂಕು ತಗಲಿದ್ದರೆ 2,850 ನಿಜ, 140 ಸುಳ್ಳು. ಆಗ ಪಾಸಿಟಿವ್‌ನಲ್ಲಿ 95 ಪ್ರತಿಶತ ನಂಬಬಹುದು. ಪರೀಕ್ಷೆ ಒಂದೇ, ಊರಿನ ಸ್ಥಿತಿ ಬೇರೆ, ಅಷ್ಟಕ್ಕೇ ಫಲಿತಾಂಶದ ಅರ್ಥ ತಲೆಕೆಳಗಾಗುತ್ತದೆ. ಹಾವಳಿಯ ಆರಂಭದಲ್ಲಿ, ಸೋಂಕು ವಿರಳವಿದ್ದಾಗ, ಒಂದೇ ಪರೀಕ್ಷೆಯನ್ನು ನೆಚ್ಚದೆ ಪಾಸಿಟಿವ್ ಬಂದ ಮಾದರಿಯನ್ನು ಬೇರೊಂದು ಬಗೆಯ ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವುದು ಇದಕ್ಕಾಗಿ. ಸಮೀಕ್ಷೆಗಳಲ್ಲಿ ಕಚ್ಚಾ ಅಂಕಿಯನ್ನು ಸೂಕ್ಷ್ಮತೆ ಮತ್ತು ನಿರ್ದಿಷ್ಟತೆಗಳಿಂದ ತಿದ್ದುವ ಸೂತ್ರವನ್ನು 1978ರಲ್ಲಿ ರೋಗನ್ ಮತ್ತು ಗ್ಲಾಡೆನ್ ಕೊಟ್ಟರು.

ಸುಳ್ಳು ಪಾಸಿಟಿವ್‌ಗೆ ಮುಖ್ಯ ಕಾರಣ ವೈರಸ್ಸುಗಳ ನಂಟಸ್ತಿಕೆ. 2003ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ವೃದ್ಧಾಶ್ರಮವೊಂದರಲ್ಲಿ ನೆಗಡಿ ಕೆಮ್ಮು ಹರಡಿತು. ಸೀರಂ ಪರೀಕ್ಷೆ ಸಾರ್ಸ್ ಎಂದಿತು. ಆದರೆ ರೋಗ ಅಷ್ಟು ತೀವ್ರವಾಗಿರಲಿಲ್ಲ. ಕೊನೆಗೆ ಗೊತ್ತಾದದ್ದು ಅದು ಸಾಮಾನ್ಯ ನೆಗಡಿ ತರುವ ಒಸಿ43 ಎಂಬ ಕೊರೊನಾವೈರಸ್ ಎಂದು. ಅದರ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಸಾರ್ಸ್ ಪರೀಕ್ಷೆಯಲ್ಲೂ ಅಂಟಿಕೊಂಡಿದ್ದವು. ಸಂಧಿವಾತದವರ ರಕ್ತದಲ್ಲಿರುವ ರುಮಟಾಯ್ಡ್ ಅಂಶವೂ ಐಜಿಎಂ ಪರೀಕ್ಷೆಯನ್ನು ದಾರಿತಪ್ಪಿಸಬಲ್ಲದು.

ಇನ್‌ಫ್ಲುಯೆಂಜಾದಲ್ಲಿ ಇನ್ನೊಂದು ವೈಚಿತ್ರ್ಯವಿದೆ. ಹೊಸ ತಳಿಯ ಸೋಂಕು ತಗಲಿದಾಗಲೂ ದೇಹ ಬಾಲ್ಯದಲ್ಲಿ ಮೊದಲು ಕಂಡ ತಳಿಯ ಪ್ರತಿಕಾಯಗಳನ್ನೇ ಹೆಚ್ಚು ಸುರಿಸುವುದುಂಟು. 1960ರಲ್ಲಿ ಇದಕ್ಕೆ ವಿಜ್ಞಾನಿ ಥಾಮಸ್ ಫ್ರಾನ್ಸಿಸ್ ಬೈಬಲ್ಲಿನ ಮೂಲಪಾಪದ ಹೆಸರಿಟ್ಟರು. ಹೀಗಾಗಿ ಒಬ್ಬ ವ್ಯಕ್ತಿಯ ಟೈಟರ್ ಪಟ್ಟಿಯಿಂದ ಅವನ ಹುಟ್ಟಿದ ದಶಕವನ್ನು ಊಹಿಸುವುದು ಕೆಲವೊಮ್ಮೆ ಸುಲಭ, ಈಗ ತಗಲಿದ ತಳಿ ಯಾವುದೆಂದು ಹೇಳುವುದು ಕಷ್ಟ.

ಹಳೆಯ ಸೀರಂ ಹೇಳಿದ ಚರಿತ್ರೆ

ರೋಗಿಯ ಹಾಸಿಗೆಯ ಬಳಿ ತಡವರಿಸುವ ಈ ಪರೀಕ್ಷೆ ಚರಿತ್ರೆಯ ವಿಚಾರಣೆಯಲ್ಲಿ ಎದುರಿಲ್ಲದ ಸಾಕ್ಷಿ. 1918ರ ಮಹಾಮಾರಿಯ ಕಾಲಕ್ಕೆ ಇನ್‌ಫ್ಲುಯೆಂಜಾ ವೈರಸ್ಸನ್ನು ಯಾರೂ ಕಂಡಿರಲಿಲ್ಲ. 1930ರ ದಶಕದಲ್ಲಿ ವಿಜ್ಞಾನಿ ರಿಚರ್ಡ್ ಶೋಪ್ ಹಂದಿಗಳಿಂದ ಬೇರ್ಪಡಿಸಿದ್ದ ವೈರಸ್ಸನ್ನು ಜನರ ಸೀರಂ ಜೊತೆ ಪರೀಕ್ಷಿಸಿದಾಗ ವಯಸ್ಕರ ಸೀರಂ ಅದನ್ನು ತಟಸ್ಥಗೊಳಿಸಿತು, ಚಿಕ್ಕ ಮಕ್ಕಳದ್ದು ಗೊಳಿಸಲಿಲ್ಲ. 1918ರಲ್ಲಿ ಮನುಷ್ಯರನ್ನು ಕೊಂದ ವೈರಸ್ಸಿನ ಹತ್ತಿರದ ಸಂಬಂಧಿಯೇ ಹಂದಿಗಳಲ್ಲಿ ಉಳಿದುಕೊಂಡಿದೆ ಎಂಬ ಊಹೆಗೆ ಇದು ಆಧಾರವಾಯಿತು; ವಂಶವಾಹಿ ವಿಶ್ಲೇಷಣೆ ಅದನ್ನು ಅನುಮೋದಿಸಲು ಅರವತ್ತು ವರ್ಷ ಹಿಡಿಯಿತು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1918ನ್ನು ಬದುಕಿ ದಾಟಿದ್ದ 91ರಿಂದ 101 ವರ್ಷದ 32 ವೃದ್ಧರ ರಕ್ತ ಆ ವೈರಸ್ಸನ್ನು ಇನ್ನೂ ಗುರುತಿಸುತ್ತಿತ್ತು. 1957ರ ಏಷ್ಯನ್ ಫ್ಲೂ ಬಂದಾಗ ಡಚ್ ವಿಜ್ಞಾನಿಗಳಾದ ಮುಲ್ಡರ್ ಮತ್ತು ಮಸುರೆಲ್ ಹಾವಳಿಗೂ ಮುಂಚೆ ತೆಗೆದ ಮುದುಕರ ಸೀರಂನಲ್ಲಿ ಅದರ ಪ್ರತಿಕಾಯ ಕಂಡು, ಅಂಥದೇ ವೈರಸ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಿರುಗಾಡಿರಬೇಕೆಂದು ಊಹಿಸಿದರು.

2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮಕ್ಕಳಲ್ಲಿ ಹೊಸ ವೈರಸ್ಸೊಂದು, ಹ್ಯೂಮನ್ ಮೆಟಾನ್ಯೂಮೋವೈರಸ್, ಪತ್ತೆಯಾಯಿತು. 1958ರಲ್ಲಿ ಸಂಗ್ರಹಿಸಿ ಇಟ್ಟಿದ್ದ ಸೀರಂಗಳನ್ನು ತೆಗೆದು ನೋಡಿದರೆ ಅವುಗಳಲ್ಲೂ ಪ್ರತಿಕಾಯ! ಐದು ವರ್ಷ ತುಂಬುವ ಹೊತ್ತಿಗೆ ಬಹುತೇಕ ಎಲ್ಲ ಮಕ್ಕಳಿಗೂ ತಗಲುವ ಹಳೆಯ ವೈರಸ್ಸೇ ಅದು, ಕಣ್ಣಿಗೆ ಬಿದ್ದದ್ದು ಮಾತ್ರ ತಡವಾಗಿ. 2012ರಲ್ಲಿ ಅರೇಬಿಯಾದಲ್ಲಿ ಕಂಡ ಮೆರ್ಸ್ ಕೊರೊನಾವೈರಸ್ಸಿನ ಮೂಲ ತಿಳಿದದ್ದೂ ಹೀಗೆಯೇ. 2013ರಲ್ಲಿ ಪರೀಕ್ಷಿಸಿದ ಒಮಾನಿನ 50 ಒಂಟೆಗಳಲ್ಲಿ ಐವತ್ತರಲ್ಲೂ ಪ್ರತಿಕಾಯವಿತ್ತು. ಪೂರ್ವ ಆಫ್ರಿಕದ ಒಂಟೆಗಳಿಂದ 1983ರಲ್ಲಿ ತೆಗೆದಿಟ್ಟ ಸೀರಂನಲ್ಲೂ ಇತ್ತು. ಸೌದಿ ಅರೇಬಿಯಾದಲ್ಲಿ ಹತ್ತು ಸಾವಿರ ಜನರ ಸೀರಂ ನೋಡಿದಾಗ ಪಾಸಿಟಿವ್ ಬಂದವರು 15 ಮಂದಿ. ಒಂಟೆಗಳಲ್ಲಿ ಮನೆಮಾಡಿರುವ, ಮನುಷ್ಯರಿಗೆ ಅಪರೂಪಕ್ಕೆ ದಾಟುವ ವೈರಸ್ ಎಂಬ ಚಿತ್ರ ಈ ಅಂಕಿಗಳಿಂದ ಮೂಡಿತು.

2009ರ ಎಚ್1ಎನ್1 ಹಾವಳಿಯಲ್ಲಿ ಮುದುಕರು ಹೆಚ್ಚಾಗಿ ಪಾರಾದದ್ದಕ್ಕೂ ಸೀರಂ ಕಾರಣ ಕೊಟ್ಟಿತು: ಅಮೆರಿಕದಲ್ಲಿ 1950ಕ್ಕೆ ಮುಂಚೆ ಹುಟ್ಟಿದವರಲ್ಲಿ ಸುಮಾರು ಮೂರನೆಯ ಒಂದು ಭಾಗದ ಜನರಿಗೆ ಈ ವೈರಸ್ ಬರುವ ಮೊದಲೇ ಅದಕ್ಕೆ ಹೊಂದುವ ಪ್ರತಿಕಾಯಗಳಿದ್ದವು. ಇಂಗ್ಲೆಂಡಿನ ಸಮೀಕ್ಷೆ ಇನ್ನೊಂದು ವಿಷಯ ಹೊರಗೆಡವಿತು. ಹಾವಳಿ ಜೋರಾಗಿದ್ದ ಪ್ರದೇಶಗಳಲ್ಲಿ ಮೂವರಲ್ಲಿ ಒಂದು ಮಗುವಿಗೆ ಮೊದಲ ಅಲೆಯಲ್ಲೇ ಸೋಂಕು ತಗಲಿತ್ತು. ವೈದ್ಯರ ಬಳಿ ಬಂದವರ ಲೆಕ್ಕದಿಂದ ಮಾಡಿದ್ದ ಅಂದಾಜಿಗಿಂತ ಇದು ಹತ್ತು ಪಟ್ಟು.

ಭಾರತದ ಕೋವಿಡ್ ಸಮೀಕ್ಷೆಗಳು

ಭಾರತದಲ್ಲಿ ಈ ಪರೀಕ್ಷೆ ಮನೆಮಾತಾದದ್ದು 2020ರಲ್ಲಿ, ಅದೂ ಒಂದು ಎಡವಟ್ಟಿನಿಂದ. ಏಪ್ರಿಲ್‌ನಲ್ಲಿ ಆಮದಾದ ರ‍್ಯಾಪಿಡ್ ಪ್ರತಿಕಾಯ ಕಿಟ್‌ಗಳ ಫಲಿತಾಂಶದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಭಾರಿ ಏರುಪೇರು ಕಂಡು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅವುಗಳ ಬಳಕೆ ನಿಲ್ಲಿಸಲು ಹೇಳಿತು. ಕಿಟ್‌ಗಳು ಕಳಪೆಯಾಗಿದ್ದವು ಎಂಬುದು ಸುದ್ದಿಯಾಯಿತು. ಸೋಂಕಿನ ಮೊದಲ ದಿನಗಳಲ್ಲಿ ಒಳ್ಳೆಯ ಕಿಟ್ ಕೂಡ ರೋಗಿಯನ್ನು ಹಿಡಿಯುತ್ತಿರಲಿಲ್ಲ ಎಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಮೇ ತಿಂಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ‘ಕೋವಿಡ್ ಕವಚ್’ ಎಂಬ ದೇಶೀ ಐಜಿಜಿ ಎಲೈಸಾ ರೂಪಿಸಿತು. ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸನ್ನೇ ಅದರಲ್ಲಿ ಆಂಟಿಜೆನ್ ಆಗಿ, ಅಂದರೆ ಪ್ರತಿಕಾಯ ಅಂಟುವ ಗುರಿಯಾಗಿ, ಬಳಸಲಾಗಿತ್ತು.

ಮಂಡಳಿಯ ರಾಷ್ಟ್ರೀಯ ಸೆರೊ ಸಮೀಕ್ಷೆ 21 ರಾಜ್ಯಗಳ 70 ಜಿಲ್ಲೆಗಳಲ್ಲಿ ಅದೇ ಜಿಲ್ಲೆಗಳನ್ನು ಮತ್ತೆ ಮತ್ತೆ ಅಳೆಯಿತು. 2020ರ ಮೇ–ಜೂನ್‌ನಲ್ಲಿ 28,000 ವಯಸ್ಕರ ರಕ್ತ ನೋಡಿ, ಪರೀಕ್ಷೆಯ ದೋಷ ತಿದ್ದಿದ ಮೇಲೆ ಸಿಕ್ಕ ಅಂಕಿ 0.73 ಪ್ರತಿಶತ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅದು ಸುಮಾರು 7, ವರ್ಷದ ಕೊನೆಗೆ 20ಕ್ಕೂ ಹೆಚ್ಚು. ಎರಡನೆಯ ಅಲೆ ಇಳಿದ 2021ರ ಜೂನ್–ಜುಲೈನಲ್ಲಿ, ಆರು ವರ್ಷ ಮೀರಿದ ಮಕ್ಕಳೂ ಸೇರಿ, 67.6. ಸರಾಸರಿಯ ಹಿಂದೆ ಎಷ್ಟು ಅಂತರ ಅಡಗಿರುತ್ತದೆಂಬುದನ್ನು ಮುಂಬಯಿ ತೋರಿಸಿತು. 2020ರ ಜುಲೈನಲ್ಲಿ ಅಲ್ಲಿನ ಮೂರು ವಾರ್ಡ್‌ಗಳ ಕೊಳೆಗೇರಿಗಳಲ್ಲಿ ಸುಮಾರು 57 ಪ್ರತಿಶತ, ಅದೇ ವಾರ್ಡ್‌ಗಳ ಉಳಿದ ವಸತಿಗಳಲ್ಲಿ ಸುಮಾರು 16 ಪ್ರತಿಶತ ಜನರಲ್ಲಿ ಪ್ರತಿಕಾಯ ಸಿಕ್ಕಿತು.

ಕರ್ನಾಟಕದ ಅನುಭವ ಸೆರೊ ಸಮೀಕ್ಷೆ ಓದುವವರಿಗೆ ಒಳ್ಳೆಯ ಪಾಠ. ಒಂದು ಸಂಶೋಧಕರ ತಂಡ 2020ರ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ರಾಜ್ಯದ ಮನೆಗಳಿಂದ ಮಾದರಿ ಆರಿಸಿ ಪರೀಕ್ಷಿಸಿ, ಹಳ್ಳಿಗಳಲ್ಲಿ 44.1, ಪಟ್ಟಣಗಳಲ್ಲಿ 53.8 ಪ್ರತಿಶತ ಜನರಿಗೆ ಸೋಂಕು ತಗಲಿದೆ ಎಂದು ಅಂದಾಜಿಸಿತು. ಎಂದರೆ ಮೂರು ಕೋಟಿ ಜನ. ಆಗ ಅಧಿಕೃತವಾಗಿ ವರದಿಯಾಗಿದ್ದ ಪ್ರಕರಣಗಳು ಮೂರೂಕಾಲು ಲಕ್ಷದಷ್ಟು. ಸೆಪ್ಟೆಂಬರ್ ಮೊದಲ ಹದಿನೈದು ದಿನಗಳಲ್ಲಿ ರಾಜ್ಯ ಸರ್ಕಾರ ಎಲ್ಲ ಜಿಲ್ಲೆಗಳಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಸಮೀಕ್ಷೆಯಲ್ಲಿ ಐಜಿಜಿ ಸಿಕ್ಕಿದ್ದು ಸುಮಾರು 16 ಪ್ರತಿಶತ ಜನರಲ್ಲಿ. ಆ ಹೊತ್ತಿಗೆ ಸೋಂಕು ಹೊತ್ತಿದ್ದವರನ್ನೂ ಕೂಡಿಸಿದರೆ ಸುಮಾರು 27. ತಡವಾಗಿ ಅಳೆದ ಅಂಕಿಯೇ ಚಿಕ್ಕದು! ಮೊದಲನೆಯದು ಮನೆಮನೆಯ ಮಾದರಿ, ವೈರಸ್ಸಿನ ಮುಳ್ಳು ಪ್ರೋಟೀನಿನ ಒಂದು ಭಾಗವನ್ನು ಗುರಿಯಾಗಿಟ್ಟ ಎಲೈಸಾ. ಎರಡನೆಯದರಲ್ಲಿ ಆಸ್ಪತ್ರೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆಗಾರರು, ಬಸ್ ಕಂಡಕ್ಟರರು, ವ್ಯಾಪಾರಿಗಳು, ವೃದ್ಧರು ಮುಂತಾದ ಗೊತ್ತುಮಾಡಿದ ಗುಂಪುಗಳು, ಪರೀಕ್ಷೆ ‘ಕವಚ್’. ಆರಿಸಿದ ಜನರೂ ಪರೀಕ್ಷೆಯೂ ಬೇರೆಯಾದ ಮೇಲೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸೋಂಕು ಏರಿತೋ ಇಳಿಯಿತೋ ಎಂದು ಹೇಳುವಂತಿಲ್ಲ. ಯಾವ ಪರೀಕ್ಷೆ, ಯಾರ ರಕ್ತ ಎಂದು ತಿಳಿಸದ ಸೆರೊ ಸಮೀಕ್ಷೆಯ ಪ್ರತಿಶತಕ್ಕೆ ಬೆಲೆಯಿಲ್ಲ.

ಲಸಿಕೆ ಬಂದ ಮೇಲೆ ಇನ್ನೊಂದು ತೊಡಕು ಸೇರಿತು. ಕೋವಿಶೀಲ್ಡ್‌ನಂಥ ಲಸಿಕೆ ಮುಳ್ಳು ಪ್ರೋಟೀನಿನ ಪ್ರತಿಕಾಯ ಮಾತ್ರ ಹುಟ್ಟಿಸುತ್ತದೆ. ಅಂಥವರಲ್ಲಿ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರತಿಕಾಯ ಕಂಡರೆ ಸೋಂಕು ನಿಜಕ್ಕೂ ತಗಲಿತ್ತೆಂದು ಹೇಳಬಹುದು. ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಕೋವ್ಯಾಕ್ಸಿನ್ ಎರಡನ್ನೂ ಹುಟ್ಟಿಸಬಲ್ಲುದಾದ್ದರಿಂದ ಈ ಉಪಾಯ ಅದನ್ನು ಪಡೆದವರಲ್ಲಿ ನಡೆಯದು.

ರಕ್ಷಣೆಯ ಅಳತೆ

ಪ್ರತಿಕಾಯ ಇದ್ದವರೆಲ್ಲ ಸುರಕ್ಷಿತರೇ? ಇನ್‌ಫ್ಲುಯೆಂಜಾದಲ್ಲಿ ಹೀಮಾಗ್ಲುಟಿನೇಷನ್ ತಡೆ ಟೈಟರ್ 40 ಇದ್ದರೆ ಸೋಂಕಿನ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 1970ರ ದಶಕದ ಅಧ್ಯಯನಗಳು ತೋರಿಸಿದವು. ಲಸಿಕೆಗಳ ಗುಣ ತೂಗಲು ಆ ಅಂಕಿ ಇಂದಿಗೂ ಬಳಕೆಯಲ್ಲಿದೆ. ಅದು ಒಂದು ಗುಂಪಿನ ಮಟ್ಟಿಗೆ ಸರಿಯಾದ ಮಾತು, ಒಬ್ಬ ವ್ಯಕ್ತಿಗೆ ಕೊಟ್ಟ ಭರವಸೆಯಲ್ಲ. ಕೋವಿಡ್‌ನಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳು ತಮ್ಮ ತಮ್ಮ ಮಾನದಲ್ಲಿ ಅಂಕಿ ಕೊಡುತ್ತಿದ್ದುದರಿಂದ ಅವನ್ನು ಹೋಲಿಸಲೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾನಕ ಸೀರಂ ನಿಗದಿಪಡಿಸಿತು. ಆದರೂ ಇಷ್ಟಿದ್ದರೆ ಸಾಕು ಎಂಬ ಗಡಿ ಗೊತ್ತಾಗಲಿಲ್ಲ. ರೂಪಾಂತರಿಗಳು ಬಂದಂತೆ ಗಡಿಯೇ ಸರಿಯುತ್ತ ಹೋಯಿತು.

ಗುಣವಾದವರಿಗೆ ಪ್ರತಿಕಾಯ ಪ್ರಮಾಣಪತ್ರ ಕೊಟ್ಟು ಓಡಾಡಲು ಬಿಡುವ ಯೋಚನೆ 2020ರ ಆರಂಭದಲ್ಲಿ ಹಲವು ದೇಶಗಳಲ್ಲಿತ್ತು. ಅದಕ್ಕೆ ಆಧಾರವಿಲ್ಲವೆಂದು ಏಪ್ರಿಲ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಬ್ರೆಜಿಲ್ಲಿನ ಮನೌಸ್ ನಗರ ಆ ಎಚ್ಚರಿಕೆಯನ್ನು ಕಹಿಯಾಗಿ ನಿಜಮಾಡಿತು. ರಕ್ತದಾನಿಗಳ ಸೀರಂ ಆಧರಿಸಿ, ಕಾಲಕ್ರಮೇಣ ಕುಗ್ಗಿದ ಪ್ರತಿಕಾಯಗಳ ಲೆಕ್ಕ ಸೇರಿಸಿ, 2020ರ ಅಕ್ಟೋಬರ್ ಹೊತ್ತಿಗೆ ಅಲ್ಲಿನ 76 ಪ್ರತಿಶತ ಜನರಿಗೆ ಸೋಂಕು ಬಂದುಹೋಗಿದೆಯೆಂದು ಅಂದಾಜಾಗಿತ್ತು. 2021ರ ಜನವರಿಯಲ್ಲಿ ಗಾಮಾ ರೂಪಾಂತರಿಯ ಅಲೆ ಅದೇ ನಗರದ ಆಸ್ಪತ್ರೆಗಳಲ್ಲಿ ಆಮ್ಲಜನಕವೇ ಮುಗಿಯುವಂತೆ ಮಾಡಿತು. ಗುಣವಾದವರ ಪ್ಲಾಸ್ಮಾ ಕೊಟ್ಟು ಅವರ ಪ್ರತಿಕಾಯಗಳಿಂದ ಇತರರನ್ನು ಉಳಿಸುವ ಆಸೆಯೂ ಫಲಿಸಲಿಲ್ಲ. ಭಾರತದ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಪ್ಲಾಸ್ಮಾದಿಂದ ಸಾವು ತಗ್ಗಲಿಲ್ಲ, 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು.

ಇಂದಿನ ಬಳಕೆ

ಜ್ವರ ಕೆಮ್ಮು ಬಂದ ಎರಡನೆಯ ಮೂರನೆಯ ದಿನ ಫ್ಲೂ, ಆರ್‌ಎಸ್‌ವಿ ಅಥವಾ ಕೋವಿಡ್ ಪತ್ತೆಗೆ ಪ್ರತಿಕಾಯ ಪರೀಕ್ಷೆ ಮಾಡಿಸುವುದು ಹಣ ಪೋಲು. ಆಗ ಬೇಕಾದದ್ದು ಪಿಸಿಆರ್ ಅಥವಾ ಆಂಟಿಜೆನ್ ಪರೀಕ್ಷೆ. ಆದರೆ ಉಸಿರಿನಿಂದ ಹರಡುವ ದಡಾರದ ಗುರುತಿಗೆ ಐಜಿಎಂ ಎಲೈಸಾ ಬಳಕೆಯಲ್ಲಿದೆ. ಕೋವಿಡ್ ಬಂದುಹೋದ ಕೆಲವು ವಾರಗಳ ಮೇಲೆ ಮಕ್ಕಳಲ್ಲಿ ಹೃದಯ ಮತ್ತಿತರ ಅಂಗಗಳಿಗೆ ಉರಿಯೂತ ತರುವ ಎಂಐಎಸ್-ಸಿಯಲ್ಲಿ ಪಿಸಿಆರ್ ಬಹಳ ಸಲ ನೆಗೆಟಿವ್ ಬರುತ್ತದೆ. ಅಲ್ಲಿ ಹಿಂದಿನ ಸೋಂಕನ್ನು ತೋರಿಸಿಕೊಡುವುದು ಪ್ರತಿಕಾಯವೇ. ಪ್ರತಿ ವರ್ಷ ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಂದಿನ ಇನ್‌ಫ್ಲುಯೆಂಜಾ ಲಸಿಕೆಯ ತಳಿಗಳನ್ನು ಆರಿಸುವಾಗ ಫೆರೆಟ್‌ಗಳ ಮತ್ತು ಮನುಷ್ಯರ ಸೀರಂ ಫಲಿತಾಂಶಗಳು ಮೇಜಿನ ಮೇಲಿರುತ್ತವೆ. ಲಸಿಕೆ ಹಾಕಿಸಿಕೊಂಡ ಆರೋಗ್ಯವಂತರು ತಮಗೆ ಎಷ್ಟು ರಕ್ಷಣೆ ಬಂದಿದೆಯೆಂದು ನೋಡಲು ಈ ಪರೀಕ್ಷೆ ಮಾಡಿಸಿಕೊಳ್ಳಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರ ಮೇ ತಿಂಗಳಲ್ಲಿ ಸಲಹೆ ನೀಡಿತು.